ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಇಂಡಿ
ರವಿವಾರ, ೧೩ ಡಿಸೆಂಬರ್ ೨೦೦೯

ಪ್ರೀತಿಯ ಸಗೀರಾ,

ನೀನು, ನಿನ್ನ ಅಮ್ಮಿ, ನಿನ್ನ ಶಾಲೆಯ ಆ ಗಲಾಟೆ ಮಕ್ಕಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾವೂ ಚೆನ್ನಾಗಿದ್ದೇವೆ, ಅಂದರೆ ಮನೆಯಲ್ಲಿ ಯಾರಿಗೂ ಜ್ವರವಿಲ್ಲ.

ನಿನಗೆ ಹೇಗೆ ಮುಖ ತೋರಿಸಲಿ ಎಂದು ಯೋಚಿಸುತ್ತಲೇ ಎರಡು ತಿಂಗಳು ಕಳೆದೆ. ದೀಪಾವಳಿ ಮುಗಿದ ಕೂಡಲೇ ಬಂದು ನೀನು ನಡೆಸುವ ಶಾಲೆಗೆ ಟೀಚರಾಗಿ ಸೇರುತ್ತೇನೆ ಎಂದವಳು ನಾನು. ಬರಲಿಲ್ಲ. ಬರುವುದಿಲ್ಲ ಎಂದೂ ಹೇಳಲಿಲ್ಲ. ನೀನು ಫೋನು ಮಾಡಿದಾಗಲೆಲ್ಲ ಮೊಬೈಲನ್ನು ಕೈಯಲ್ಲಿ ಹಿಡಿದುಕೊಂಡು ಅದು ತಾನಾಗಿ ನಿಲ್ಲುವವರೆಗೆ ನೋಡುತ್ತ ಕೂತಿದ್ದೇನೆ. ಎತ್ತಿದ್ದರೆ ನೀನು "ಯಾವಾಗ ಬರ್ತಿ?" ಎಂದು ಕೇಳುತ್ತಿದ್ದೆ. ಒಂದು ಮಾತಿನಲ್ಲಿ ಕೊಡುವಂಥ ಉತ್ತರ ನನ್ನ ಹತ್ತಿರ ಇರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲಿ ನಿಂತು ಮಾತಾಡಿದರೂ ಯಾರಿಗಾದರೂ ಕೇಳಿಸುತ್ತದೆ, ನಿನಗೆ ಗೊತ್ತು. ಅದಕ್ಕೆ ಕಾಗದ ಬರೆಯಲು ಕೂತಿದ್ದೇನೆ. ಟಿ.ಸಿ.ಎಚ್. ಓದುವಾಗ ರಜೆಯಲ್ಲಿ ಇಬ್ಬರೂ ಬರೆದುಕೊಳ್ಳುತ್ತಿದ್ದೆವಲ್ಲ, ಹಾಗೆಯೇ ಓದಿಕೋ. ಸಿಟ್ಟು ಬಂದರೆ ಪೂರ್ತಿ ಓದಿದ ಮೇಲೆ ಬರಲಿ.

ನಾನು ನಿನ್ನ ಮನೆಗೆ ತಂದಿದ್ದ ಆ ಗಾಡಿ ಈಗ ನಮ್ಮಲ್ಲಿ ಇಲ್ಲ. ಕಲ್ಮೇಶಣ್ಣ ಮಾರಿಬಿಟ್ಟ.

ಮೊದಲಿನಿಂದ ಹೇಳುತ್ತೇನೆ. ನೀನು ಗಾಡಿಯನ್ನು ನೋಡಿದ್ದೆಯೇ ಹೊರತು ಅದು ನಮ್ಮ ಮನೆಗೆ ಬಂದ ಬಗೆ ನಿನಗೆ ಗೊತ್ತಿಲ್ಲ. ಕಲ್ಮೇಶಣ್ಣನ ನಿಂಬೆಹಣ್ಣು ಪುಣೆಯ ಪೇಟೆಗೆ ಹೋಗುತ್ತದೆ. ಅಲ್ಲಿನ ವ್ಯಾಪಾರಿಯೊಬ್ಬರು ಹೊಸ ಕಾರು ತೆಗೆದುಕೊಂಡು, ಕೆಲವೇ ತಿಂಗಳಲ್ಲಿ ಅದರ ಮೇಲಿನ ಮನಸ್ಸು ಹೋಗಿ, ಅಣ್ಣನಿಗೆ ಕಡಿಮೆ ಬೆಲೆಗೆ ಕೊಟ್ಟರು. ಅದು ಹೈಬ್ರಿಡ್ ಕಾರು. ಪೆಟ್ರೋಲೂ ಬೇಕು, ಬ್ಯಾಟರಿಯೂ ಇರುತ್ತದೆ. ಬ್ರೇಕು ಒತ್ತಿದಾಗ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ. ಅಣ್ಣನಿಗೆ ಅರ್ಥವಾದದ್ದು ಇಷ್ಟೇ: "ಇದು ಕರೆಂಟಿನ ಮ್ಯಾಲ ಓಡ್ತೈತಿ. ಇನ್ನ ಪೆಟ್ರೋಲ್ ಪಂಪಿನಾವ ನನ್ನ ಮಾರಿ ಮರೀತಾನ." ಸಂಕ್ರಾಂತಿಯ ಹಿಂದಿನ ದಿನ ಬೂದು ಬಣ್ಣದ ಆ ಉದ್ದನೆಯ ಗಾಡಿ ನಮ್ಮ ಅಂಗಳಕ್ಕೆ ಬಂದಾಗ ಓಣಿಯೆಲ್ಲ ಕೂಡಿತ್ತು.

ಆಮೇಲೆ ಒಂದೊಂದೇ ಪಜೀತಿ ಶುರುವಾಯಿತು. ಪೆಟ್ರೋಲು ಬೇಕೇ ಬೇಕು ಎಂದು ಗೊತ್ತಾಯಿತು. ಹಿಂದಿನ ಸೀಟಿನ ಬೆನ್ನಿಗೆ ಬ್ಯಾಟರಿ ಇದ್ದುದರಿಂದ ಡಿಕ್ಕಿ ಸಣ್ಣದು. "ನಿಂಬಿಹಣ್ಣಿನ ಚೀಲ ಹಿಡಸೂದಿಲ್ಲ, ಇದೆಂಥಾ ದೊಡ್ಡ ಗಾಡಿ!" ಎಂದು ಅಣ್ಣ ಗೊಣಗಿದ. ಗಾಡಿಯ ಹೊಟ್ಟೆ ನೆಲಕ್ಕೆ ಹತ್ತಿರ. ಸಿಂದಗಿ ರಸ್ತೆಯ ಉಬ್ಬಿನ ಹತ್ತಿರ ಎಲ್ಲರೂ ಇಳಿದು ಆಚೆ ನಡೆದುಹೋಗಿ ಮತ್ತೆ ಹತ್ತಬೇಕಿತ್ತು, ಇಲ್ಲವಾದರೆ ಕೆಳಗೆ ಕರ್ ಎಂದು ಉಜ್ಜುತ್ತಿತ್ತು. ಒಮ್ಮೆ ಹಾರ್ನ್ ಕೆಟ್ಟಿತೆಂದು ನಮ್ಮ ಹಾಜಿಮಲಂಗ ಮೇಸ್ತ್ರಿಯ ಗ್ಯಾರೇಜಿಗೆ ಒಯ್ದರೆ ಅವರು ಬಾನೆಟ್ ತೆರೆದು, ಒಳಗಿನ ಕಿತ್ತಳೆ ಬಣ್ಣದ ದಪ್ಪ ಕರೆಂಟಿನ ವೈರು ನೋಡಿ, ಹಾಗೇ ಮುಚ್ಚಿದರು. "ಸಾವ್ಕಾರ್ರ, ನನಗ ಸಣ್ಣ ಮಕ್ಕಳದಾವರಿ. ಇದನ್ನ ಪುಣೆಕ್ಕ ಒಯ್ರಿ," ಎಂದರು.

ಲಚ್ಯಾಣದ ರೈಲ್ವೆ ಗೇಟಿನಲ್ಲಿ ಆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಗೇಟು ಹಾಕಿತ್ತು. ಅಣ್ಣ ಬ್ರೇಕು ಒತ್ತಿ ನಿಂತ ಕೂಡಲೇ ಎಂಜಿನ್ ತಾನಾಗಿ ನಿಂತಿತು. ಅದು ಹಾಗೆಯೇ ನಿಲ್ಲುವ ಗಾಡಿ. ಕಾಲು ತೆಗೆದರೆ ಮತ್ತೆ ಹೊರಡುತ್ತದೆ. ಆದರೆ ಹಿಂದಿನ ಟ್ರ್ಯಾಕ್ಟರಿನವರು ಇಳಿದು ಬಂದು, "ಬಂದ್ ಬಿತ್ತೇನ್ರಿ? ದೂಡೋಣ್ರಿ," ಎಂದು ಡಿಕ್ಕಿಗೆ ಕೈ ಹಚ್ಚಿಯೇಬಿಟ್ಟರು. ಅವ್ವ ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದಳು: "ಸತ್ತಿತೇನ ಇದು?"

"ಇಲ್ಲವ್ವ, ದಣಿವು ಆರಿಸಿಕೊಳ್ಳಾಕತ್ತೈತಿ."

ಅಣ್ಣನ ನಿಜವಾದ ಕಷ್ಟ ಬೇರೆ ಇತ್ತು. ಆ ಗಾಡಿಗೆ ಕ್ಲಚ್ಚಿಲ್ಲ, ಗೇರು ಬದಲಿಸುವುದಿಲ್ಲ. ವರ್ಷಗಟ್ಟಲೆ ಜೀಪು ಓಡಿಸಿದ ಅಣ್ಣನ ಎಡಗಾಲು ಸುಮ್ಮನಿರುತ್ತಿರಲಿಲ್ಲ. ಕ್ಲಚ್ ಹುಡುಕಿಕೊಂಡು ಹೋಗಿ ಬ್ರೇಕನ್ನು ಗಟ್ಟಿಯಾಗಿ ತುಳಿದುಬಿಡುತ್ತಿತ್ತು. ಒಳಗಿದ್ದವರೆಲ್ಲ ಮುಂದಿನ ಸೀಟಿಗೆ ಹಣೆ ಬಡಿದುಕೊಳ್ಳುತ್ತಿದ್ದೆವು. ಒಮ್ಮೆ ಅಣ್ಣನ ಹೆಂಡತಿ ರಾಜೇಶ್ವರಿ ವೈನಿಯ ತುಟಿ ಒಡೆದು ರಕ್ತ ಬಂತು. ಆಗ ಅಣ್ಣ ಗಾಡಿ ಬದಿಗೆ ನಿಲ್ಲಿಸಿ ತನ್ನ ಎಡತೊಡೆಗೆ ತಾನೇ ಗುದ್ದಿಕೊಂಡು, "ಈ ಕಾಲಿಗೆ ಇದರಾಗ ಕೆಲಸಽ ಇಲ್ಲ, ಆದ್ರೂ ಸುಮ್ಮ ಕೂಡೂದಿಲ್ಲ ನೋಡು," ಎಂದ.

ಹಿಂದಿನ ಸೀಟಿನಲ್ಲಿ ಕಬ್ಬಿಣದ ಕ್ಯಾಲಿಪರ್ ಪಟ್ಟಿ ಕಟ್ಟಿದ ನನ್ನ ಎಡಗಾಲನ್ನು ಉದ್ದಕ್ಕೆ ಚಾಚಿ ಕೂತಿದ್ದ ನಾನು ಆ ಮಾತು ಕೇಳಿದೆ. ಮೂರು ವರ್ಷದವಳಿದ್ದಾಗ ಪೋಲಿಯೊ ಬಂದು ಹೋದ ಮೇಲೆ, ಎಡಗಾಲನ್ನು ಲೆಕ್ಕಕ್ಕೇ ಹಿಡಿಯದಂಥ ಕೆಲಸ ಒಂದಿದೆ ಎಂದು ನಾನು ಕೇಳಿದ್ದು ಅದೇ ಮೊದಲು.

"ಅಣ್ಣಾ, ಹಂಗಾರ ಇದನ್ನ ನಾ ನಡಸಬಹುದಲ್ಲ," ಎಂದೆ.

ವೈನಿ ತುಟಿಗೆ ಸೆರಗು ಒತ್ತಿಕೊಂಡೇ ನಕ್ಕರು. ಅಣ್ಣ ನಗಲಿಲ್ಲ. ಕನ್ನಡಿಯಲ್ಲಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಮುಂದಿನ ರವಿವಾರ ಬೆಳಗ್ಗೆ ನಿಂಬೆಹಣ್ಣಿನ ಮಾರುಕಟ್ಟೆಯ ಖಾಲಿ ಅಂಗಳಕ್ಕೆ ಕರೆದುಕೊಂಡು ಹೋಗಿ, ನನ್ನನ್ನು ಸ್ಟೇರಿಂಗಿನ ಮುಂದೆ ಕೂಡಿಸಿದ. ಕ್ಯಾಲಿಪರ್ ತಾಗದ ಹಾಗೆ ನನ್ನ ಎಡಗಾಲನ್ನು ತನ್ನ ಎರಡೂ ಕೈಯಿಂದ ಎತ್ತಿ ಮೂಲೆಗೆ ಸರಿಸಿ ಇಟ್ಟ. "ಇದನ್ನ ಮರತುಬಿಡು. ಬಲಗಾಲು ಒಂದಽ ನಿಂದು," ಎಂದ. ಅಣ್ಣನ ಮೇಲೆ ಎಷ್ಟು ಸಿಟ್ಟಿದ್ದರೂ ಆ ಬೆಳಗನ್ನು ನಾನು ಅವನಿಂದ ಕಸಿದುಕೊಳ್ಳಲಾರೆ.

ಬೇಸಿಗೆಯೊಳಗೆ ಕಲಿತೆ. ಡಾಕ್ಟರ ಸರ್ಟಿಫಿಕೇಟು, ವಿಜಾಪುರದಲ್ಲಿ ಪರೀಕ್ಷೆ, ಎಲ್ಲಕ್ಕೂ ಅಣ್ಣ ಜೊತೆಗೆ ಬಂದ. ಲೈಸನ್ಸು ಬಂದ ದಿನ ತಾನು ಮತ್ತೆ ಜೀಪು ಹತ್ತಿ, ಕಾರಿನ ಕೀಲಿಯನ್ನು ನನ್ನ ಕೈಗೆ ಹಾಕಿ, "ಇದು ಇನ್ನ ನಿಂದಽ ತಿಳಕೋ. ನನಗೂ ಇದಕ್ಕೂ ಆಗಿಬರೂದಿಲ್ಲ," ಎಂದ.

ಆಮೇಲಿನ ನಾಲ್ಕು ತಿಂಗಳು ನಾನು ಹೇಗಿದ್ದೆ ಎಂದು ಹೇಗೆ ಬರೆಯಲಿ? ಅವ್ವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ತಿರುಗಿದ್ದೇ ತಿರುಗಿದ್ದು. ಲಚ್ಯಾಣದ ಮಠಕ್ಕೆ ಹೋದೆವು. ಸಿಂದಗಿಯಲ್ಲಿ ಸೀರೆ ತಂದೆವು. ಬಸವನ ಬಾಗೇವಾಡಿಗೆ ಕೊಟ್ಟಿರುವ ಅಕ್ಕನ ಮನೆಗೆ ಹೇಳದೆ ಕೇಳದೆ ಹೋಗಿ ಊಟ ಮಾಡಿ ಬಂದೆವು. ದೇವರ ಹಿಪ್ಪರಗಿಯ ಸಂತೆಯಲ್ಲಿ ಗಾಡಿಯ ಸದ್ದೇ ಕೇಳದೆ ಜನ ದಾರಿ ಬಿಡುತ್ತಿರಲಿಲ್ಲ. ಮುದುಕರೊಬ್ಬರು ತಿರುಗಿ ನೋಡಿ ಹೌಹಾರಿ, "ಬೆಕ್ಕು ಬಂದಂಗ ಬಂದು ಬೆನ್ನಿಗೆ ನಿಂತೈತಲ್ಲಪ!" ಎಂದರು. ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಮುಂದಿನ ಫಲಕದಲ್ಲಿ ಹಸಿರು ಗೆರೆ ಏರುತ್ತಿತ್ತು. ಅವ್ವನಿಗೆ ಅದನ್ನು ನೋಡುವುದೇ ಒಂದು ಆಟ. "ತುಂಬಾಕತ್ತೈತಿ, ತುಂಬಾಕತ್ತೈತಿ," ಎನ್ನುತ್ತಿದ್ದಳು.

ನಿನಗೆ ನೆನಪಿದೆಯಲ್ಲ, ಟಿ.ಸಿ.ಎಚ್. ಮುಗಿದಾಗ ನನಗೂ ನಿನ್ನ ಜೊತೆಗೇ ನೌಕರಿಯ ಆದೇಶ ಬಂದಿತ್ತು. ಬಸ್ಸಿನ ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದುಕೊಂಡು, ತಿಂಗಳು ತುಂಬುವುದರೊಳಗೆ ಮನೆಗೆ ಬಂದವಳು ನಾನು. ಅಂದಿನಿಂದ ಯಾವ ಊರಿಗೆ ಹೋಗಬೇಕಾದರೂ ಯಾರಿಗೆ ಬಿಡುವಿದೆ ಎಂದು ಕೇಳಿಯೇ ಹೋದವಳು. ಗಾಡಿ ಬಂದ ಮೇಲೆ ಬೆಳಗ್ಗೆ ಎದ್ದು, ಇವತ್ತು ಎಲ್ಲಿಗೆ ಹೋಗಲಿ ಎಂದು ನನ್ನನ್ನೇ ನಾನು ಕೇಳಿಕೊಳ್ಳುತ್ತಿದ್ದೆ.

ನಿನ್ನಲ್ಲಿಗೆ ಬಂದದ್ದು ನಾನು ಒಬ್ಬಳೇ ಮಾಡಿದ ಮೊದಲ ಪ್ರಯಾಣ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, "ಯಾ ಅಲ್ಲಾ, ನೀನಽ ನಡಿಸಿಕೊಂಡು ಬಂದಿ?" ಎಂದು ನೀನು ಕೂಗಿದ್ದು, ಮರುದಿನ ನಿನ್ನ ಮೂರನೆಯ ತರಗತಿಗೆ ನನ್ನನ್ನು ತಳ್ಳಿ ಬಾಗಿಲು ಹಾಕಿದ್ದು, ಒಬ್ಬಳು ಹುಡುಗಿ ನನ್ನ ಕ್ಯಾಲಿಪರ್ ಮುಟ್ಟಿ, "ಟೀಚರ್, ಇದು ಕಬ್ಬಿಣದ ಬೂಟೇನ್ರಿ?" ಎಂದು ಕೇಳಿದ್ದು, ಎಲ್ಲವನ್ನೂ ದಿನಾ ನೆನೆಯುತ್ತೇನೆ. "ಇಲ್ಲೇ ಬಂದುಬಿಡು. ಸೋಮವಾರ ಬಾ, ಶನಿವಾರ ನಿಮ್ಮವ್ವನ ಹಂತ್ಯಾಕ ಹೋಗು. ಗಾಡಿ ಐತಲ್ಲ," ಎಂದೆ ನೀನು. ಗಾಡಿ ಇತ್ತು. ಅದಕ್ಕೇ ಹೂಂ ಎಂದೆ.

ಮನೆಗೆ ಬಂದು ಮೊದಲು ಹೇಳಿದ್ದು ಅವ್ವನಿಗೆ. ಒಂದು ದಿನ ಅವಳ ಜೊತೆ ಲಚ್ಯಾಣದಿಂದ ಬರುವಾಗ ಬೇವಿನ ಗಿಡದ ನೆರಳಿಗೆ ಗಾಡಿ ನಿಲ್ಲಿಸಿ ಹೇಳಿದೆ. ಅವ್ವ ಕಿಟಕಿಯ ಹೊರಗೆ ನೋಡುತ್ತಲೇ ಉಡಿಯೊಳಗಿನ ಪೊಟ್ಟಣ ಬಿಚ್ಚಿದಳು. ಆಮೇಲೆ ಮಠದಿಂದ ತಂದ ವಿಭೂತಿಯನ್ನು ನನ್ನ ಹಣೆಗೂ ಸ್ಟೇರಿಂಗಿಗೂ ಹಚ್ಚಿ, "ಹೋಗು ನನ್ನವ್ವ. ಮಕ್ಕಳಿಗೆ ನಾಕ ಅಕ್ಷರ ಕಲಸೂದು ಪುಣ್ಯೇದ ಕೆಲಸ," ಎಂದಳು. ಅಣ್ಣನೂ ಬೇಡ ಎನ್ನಲಿಲ್ಲ. ನಾನು ಟ್ರಂಕಿನಿಂದ ಕಾಟನ್ ಸೀರೆಗಳನ್ನು ತೆಗೆದು ಇಸ್ತ್ರಿಗೆ ಕೊಟ್ಟೆ.

ಅಷ್ಟರಲ್ಲಿ ಆ ದೊಡ್ಡ ಮಳೆ ಬಂತು. ನಿಮ್ಮ ಕಡೆಯೂ ಎಷ್ಟು ಮನೆ ಬಿದ್ದವು ಎಂದು ಪೇಪರಿನಲ್ಲಿ ಓದಿದೆ. ನಮ್ಮ ಓಣಿಯಲ್ಲಿ ನೀರು ಗಾಡಿಯ ಬಾಗಿಲಿನವರೆಗೆ ನಿಂತಿತ್ತು. ನೀರು ಇಳಿದ ಮೇಲೆ ಚಾಲು ಮಾಡಿದರೆ ಫಲಕದಲ್ಲಿ ಹಳದಿ ದೀಪವೊಂದು ಹತ್ತಿ ಆರಲೇ ಇಲ್ಲ. ಗಾಡಿ ಓಡುತ್ತಿತ್ತು, ಆದರೆ ಏರಿನಲ್ಲಿ ಉಸಿರು ಕಟ್ಟಿದ ಹಾಗೆ ಎಳೆಯುತ್ತಿತ್ತು. ಅಣ್ಣ ತಾನೇ ಪುಣೆಗೆ ಒಯ್ದ. ದೀಪಾವಳಿಯ ಮುನ್ನಾದಿನ ರೈಲಿನಲ್ಲಿ ಬಂದ. ಕೈಯಲ್ಲಿ ಬರೀ ಒಂದು ಚೀಲ.

"ಬ್ಯಾಟರಿ ಪೂರಾ ಹೋಗೈತೆಂದ್ರು. ಅಲ್ಲೇ ಒಬ್ಬಾಂವ ಕೇಳಿದ, ಕೊಟ್ಟು ಬಂದೆ," ಎಂದು ಹೇಳಿ ಚಪ್ಪಲಿ ಬಿಟ್ಟು ನೇರ ಬಚ್ಚಲಿಗೆ ಹೋದ.

ನಾನು ನಂಬಿದೆ. ನೀರು ಹೊಕ್ಕ ಗಾಡಿ, ನಮ್ಮ ಊರಿನಲ್ಲಿ ಕೈ ಹಚ್ಚುವವರಿಲ್ಲ, ಮತ್ತೇನು ಮಾಡಿಯಾನು ಎಂದುಕೊಂಡೆ. ನಿನಗೆ ಹೇಳುವ ಧೈರ್ಯ ಬರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಮುಂದೂಡಿದೆ. ಖಾಲಿ ಅಂಗಳ ಕಾಣದಿರಲೆಂದು ಹಿತ್ತಲಿನ ಬಾಗಿಲಿನಿಂದಲೇ ಓಡಾಡಿದೆ.

ಹೋದ ತಿಂಗಳು ಮನೆಯ ಫೋನಿಗೆ ಪುಣೆಯ ವರ್ಕ್‌ಶಾಪಿನಿಂದ ಕರೆ ಬಂತು. ಎತ್ತಿದವಳು ನಾನೇ. ಒಬ್ಬಳು ಹುಡುಗಿ ಹಿಂದಿಯಲ್ಲಿ, ಗ್ಯಾರಂಟಿಯಲ್ಲೇ ಹೊಸ ಬ್ಯಾಟರಿ ಹಾಕಿಕೊಟ್ಟಿದ್ದೇವಲ್ಲ, ಗಾಡಿ ಹೇಗೆ ಓಡುತ್ತಿದೆ ಎಂದು ವಿನಯದಿಂದ ವಿಚಾರಿಸಿದಳು. ಚೆನ್ನಾಗಿ ಓಡುತ್ತಿದೆ ಎಂದು ಹೇಳಿ ಫೋನಿಟ್ಟೆ.

ಅಣ್ಣ ಊಟಕ್ಕೆ ಕೂತಿದ್ದ. ಎದುರಿಗೆ ಹೋಗಿ ನಿಂತೆ.

"ಬ್ಯಾಟರಿ ಸರಿ ಆಗಿತ್ತಂತಲ್ಲ?"

ಅವನು ತಾಟಿನಿಂದ ತಲೆ ಎತ್ತಲಿಲ್ಲ. "ಹೌದು," ಎಂದ.

"ಮತ್ತ್ಯಾಕ ಮಾರಿದಿ?"

"ಮಾರಿದೆ. ಬಿಡು."

"ನಾ ಹೋಗಬಾರದಂತ ಮಾರಿದಿ. ಹೌದೊ ಅಲ್ಲೊ? ಕೀಲಿ ಕೊಟ್ಟಾವನೂ ನೀನಽ, ಕಸಗೊಂಡಾವನೂ ನೀನಽ."

ವೈನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ಅವ್ವ ಒಳಗಿನಿಂದ, "ಉಣ್ಣೂವಾಗ ಜಗಳ ಬ್ಯಾಡ್ರೆವ್ವ," ಎಂದಳು. ಅಣ್ಣ ಕೈ ತೊಳೆದುಕೊಂಡು ಎದ್ದು ಹೋದ. ಅಂದಿನಿಂದ ಅವನ ಜೊತೆ ಮಾತು ಬಿಟ್ಟಿದ್ದೇನೆ. ಚಹಾ ಕೊಡಬೇಕಾದರೆ ಲೋಟ ಕಟ್ಟೆಯ ಮೇಲೆ ಇಟ್ಟು ಬರುತ್ತೇನೆ. ಅವನು ಬಿಸಿ ಆರಿದ ಮೇಲೆ ಕುಡಿಯುತ್ತಾನೆ.

ಕೆಲವು ಸಲ, ಆ ಗಾಡಿ ನಮ್ಮ ಅಂಗಳಕ್ಕೆ ಬರದೇ ಇದ್ದಿದ್ದರೆ ಒಳ್ಳೆಯದಿತ್ತು ಅನಿಸುತ್ತದೆ. ಈ ಕಾಲಿನ ಜೊತೆ ನನ್ನ ಜಗಳ ಯಾವಾಗಲೋ ಮುಗಿದಿತ್ತು ಸಗೀರಾ. ಈಗ ಮತ್ತೆ ಹೊಸದಾಗಿ ದುಃಖವಾಗುತ್ತಿದೆ. ಕೂತಲ್ಲಿ ಬಲಗಾಲು ಮೆಲ್ಲಗೆ ನೆಲವನ್ನು ಒತ್ತುತ್ತದೆ. ಅದಕ್ಕಿನ್ನೂ ಗಾಡಿ ಹೋದದ್ದು ತಿಳಿದಿಲ್ಲ.

ಆದರೆ ನಾನು ತೀರ್ಮಾನಿಸಿದ್ದೇನೆ. ಸಂಕ್ರಾಂತಿ ಮುಗಿಸಿ ಬಸ್ಸಿಗೇ ಬರುತ್ತೇನೆ. ಬಿದ್ದರೆ ಬಿದ್ದೆ. ಸಿಂದಗಿಯಲ್ಲಿ ಇಳಿದು ಮತ್ತೊಂದು ಬಸ್ಸು ಹಿಡಿಯುತ್ತೇನೆ. ವಾರಕ್ಕೊಮ್ಮೆ ಆಗದಿದ್ದರೆ ತಿಂಗಳಿಗೊಮ್ಮೆ ಮನೆಗೆ ಹೋದರಾಯಿತು. ನನ್ನ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲವಾದರೆ ಅಲ್ಲಿಯವರೆಗೆ ಕಾಯಿ. ಈ ಸಲ ತಪ್ಪುವುದಿಲ್ಲ.

ನಿನ್ನ ಅಮ್ಮಿಗೆ ನನ್ನ ಸಲಾಂ ತಿಳಿಸು, ಅವರ ಮೊಣಕಾಲಿನ ನೋವಿಗೆ ಎಣ್ಣೆ ತರುತ್ತೇನೆ. ನಿನಗೂ ನಿನ್ನ ಮಕ್ಕಳಿಗೂ ದೇವರು ಒಳ್ಳೆಯದು ಮಾಡಲಿ, ನಿನ್ನ ಶಾಲೆ ದೊಡ್ಡದಾಗಲಿ. ಕಬ್ಬಿಣದ ಬೂಟು ಕೇಳಿದ ಆ ಹುಡುಗಿಗೆ ನನ್ನದೊಂದು ಮುತ್ತು.

ನಿನ್ನ
ಸುನಂದಾ

ತಾ.ಕ.: ಮಂಗಳವಾರ, ೧೫ನೆಯ ತಾರೀಖು. ಅಂಟಿಸಿ ಇಟ್ಟಿದ್ದ ಲಕೋಟೆಯನ್ನು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ.

ನಾನು ಬಸ್ಸಿಗೆ ಹೋಗುವ ಮಾತನ್ನು ವೈನಿ ಅಣ್ಣನಿಗೆ ಹೇಳಿದ್ದಾರೆ. ಇವತ್ತು ಬೆಳಗ್ಗೆ ಹಿತ್ತಲಿನಲ್ಲಿ ನಾನು ತೊಗರಿ ಆರಿಸುತ್ತಿದ್ದಾಗ ಬಂದು ಎದುರಿಗೆ ನೆಲಕ್ಕೇ ಕೂತ. "ಬಸ್ಸಿನಾಗ ಬ್ಯಾಡ ತಂಗಿ. ಜೀಪಿನಾಗ ನಾ ಬಿಟ್ಟು ಬರ್ತೇನಿ," ಎಂದ. ಗಾಡಿ ಮಾರಿದವನು ಬಿಟ್ಟು ಬರುವುದು ಬೇಡ ಎಂದೆ. ಅವನ ಕಣ್ಣು ತುಂಬಿತು. ಅಪ್ಪ ತೀರಿಕೊಂಡಾಗಲೂ ಅಣ್ಣ ನನ್ನ ಮುಂದೆ ಅತ್ತವನಲ್ಲ.

"ನಾ ಮಾರಾಂವ ಇರ್ಲಿಲ್ಲವ್ವ. ಅವ್ವ ಉಣ್ಣೂದು ಬಿಟ್ಟಿದ್ಲು. ಗಾಡಿ ಈ ಮನಿಯಾಗ ಇರೂತನಕ ತುತ್ತು ಮುಟ್ಟೂದಿಲ್ಲ ಅಂದ್ಲು. ನಿನ್ನ ಮುಂದ ಹೇಳಿದ್ರ ನನ್ನ ಹೆಣ ನೋಡ್ತಿ ಅಂತ ಆಣಿ ಹಾಕಿಸಿದ್ಲು."

ನವರಾತ್ರಿಯಲ್ಲಿ ಅವ್ವ ಉಪವಾಸ ಹಿಡಿದಿದ್ದಳು. ದೇವಿಯ ವ್ರತ ಎಂದುಕೊಂಡು ದಿನಾ ಹಾಲು ಕಾಸಿ ಕೊಟ್ಟವಳು ನಾನು.

ಯಾಕೆ ಎಂದು ಕೇಳಿದೆ. ಅಣ್ಣ ಅವ್ವನ ಮಾತನ್ನು ಇದ್ದ ಹಾಗೇ ಹೇಳಿದ, ನಾನೂ ಇದ್ದ ಹಾಗೇ ಬರೆಯುತ್ತೇನೆ: "ಕಾಲು ನೆಟ್ಟಗಿದ್ದ ಮಗಳು ಗಂಡನ ಮನಿಗೆ ಹೋದ್ಲು. ಇದರ ಕಾಲು ಹಿಂಗಾತಂತ ಕಂಡ ಕಂಡ ಗುಡಿಗೆ ಹೊತಗೊಂಡು ಅಡ್ಡಾಡಿ ಅತ್ತೆ. ಆಮ್ಯಾಲ, ಇರ್ಲಿ, ಇದೊಂದಾದ್ರೂ ಕಡೀತನಕ ನನ್ನ ಹಂತ್ಯಾಕ ಉಳೀತೈತಿ ಅಂತ ಸಮಾಧಾನ ಮಾಡಿಕೊಂಡೆ. ಈಗ ಇದಕ್ಕೂ ಕಾಲು ಕೊಟ್ಟು ಕಳಸ್ತಿಯೇನೊ ಕಲ್ಮ್ಯಾ?"

ಅವ್ವನನ್ನು ನಾನು ಏನೂ ಕೇಳಿಲ್ಲ. ಕೇಳಿದರೆ ಅಳುತ್ತಾಳೆ; ಆಗ ಹೋಗಲಿ ಬಿಡವ್ವ ಎಂದು ನಾನೇ ಹೇಳಬೇಕಾಗುತ್ತದೆ. ಅಣ್ಣನ ಮೇಲೆ ಸಿಟ್ಟಿದ್ದಾಗ ಮನೆ ಬಿಟ್ಟು ಬರುವುದು ಸುಲಭವಿತ್ತು. ಸಂಕ್ರಾಂತಿ ಮುಗಿಸಿ ಬರುತ್ತೇನೆ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಲು ಪೆನ್ನು ಹಿಡಿದೆ, ಕೈ ಬರಲಿಲ್ಲ. ನೀನೇ ಹೊಡೆದುಹಾಕು. ನನ್ನ ಜಾಗಕ್ಕೆ ಯಾರನ್ನಾದರೂ ನೋಡಿಕೋ.

ಅವ್ವ ಒಳಗಿನಿಂದ ಕೂಗುತ್ತಿದ್ದಾಳೆ. ಬಿಸಿಲಿಗೆ ಬಂದು ಕೂಡಬೇಕಂತೆ, ಹೊಸ್ತಿಲು ದಾಟುವಾಗ ನಾನು ಅವಳ ಕೈ ಹಿಡಿಯಬೇಕು. ಹೋಗುತ್ತೇನೆ.